ಒಂದು ಮಂಡಲದ ಪಥ್ಯ

ನಮ್ಮ ಅತ್ತೆ ಮಹಾದೇವಮ್ಮನವರ ಹೆಸರು ಎಲ್ಲರಿಗಿಂತ ಮೇಲೆ ಇರುವುದು ಈ ಲೋಕದಲ್ಲಿ ಒಂದೇ ಕಡೆ, ರೇಷನ್ ಕಾರ್ಡಿನಲ್ಲಿ. ತೆಂಗಿನ ತೋಟದ ಪಹಣಿಯಲ್ಲಿ ಮಾವ ಅಜ್ಜಪ್ಪನವರ ಹೆಸರಿತ್ತು. ಅವರು ಲಿಂಗೈಕ್ಯರಾದ ಮೇಲೆ ನನ್ನ ಗಂಡ ತಿಪ್ಪೇಶನ ಹೆಸರು ಬಂತು. ಮನೆ ಕಂದಾಯ, ಕರೆಂಟು, ಡೇರಿಯ ಹಾಲಿನ ಪುಸ್ತಕ, ಎಲ್ಲಾ ಕಡೆ ಗಂಡಸರೇ. ಕಾರ್ಡಿಗೆ ಮಾತ್ರ ಮನೆಯ ಹಿರಿಯ ಹೆಂಗಸೇ ಮುಖ್ಯಸ್ಥೆ ಎಂಬ ನಿಯಮ ಇರುವುದರಿಂದ ಅಲ್ಲಿ ಮೊದಲ ಸಾಲಿನಲ್ಲಿ ಅತ್ತೆ, ಅವರ ಕೆಳಗೆ ಮಗ, ಅವನ ಕೆಳಗೆ ನಾನು. ಅತ್ತೆ ಆ ಕಾರ್ಡನ್ನು ಟ್ರಂಕಿನಲ್ಲಿ, ವಿಭೂತಿ ಗಟ್ಟಿಯ ಪಕ್ಕದಲ್ಲಿ ಇಡುತ್ತಾರೆ.

ಹೋದ ವರ್ಷ ಆ ಹೆಸರಿಗೇ ಕುತ್ತು ಬಂತು. ಕಾರ್ಡಿನಲ್ಲಿ ಇರುವವರೆಲ್ಲ ಅಂಗಡಿಗೆ ಬಂದು ಮಿಷನ್ನಿನ ಮೇಲೆ ಬೆರಳಿಟ್ಟು ತಾವು ತಾವೇ ಎಂದು ತೋರಿಸಬೇಕು, ಎರಡು ತಿಂಗಳೊಳಗೆ ಬೆರಳು ತಾಳೆಯಾಗದವರ ಹೆಸರು ತೆಗೆಯುತ್ತಾರೆ ಎಂದು ನಮ್ಮೂರ ರೇಷನ್ ಅಂಗಡಿಯ ಮುರುಗಪ್ಪ ಹೇಳಿ ಕಳಿಸಿದ. ನಾನು ಇಟ್ಟೆ, ತಿಪ್ಪೇಶ ಇಟ್ಟ, ಹಸಿರು ದೀಪ ಬಂತು. ಅತ್ತೆ ಇಟ್ಟರು, ಕೆಂಪು.

"ಮಾದೇವಕ್ಕ, ಬೆರಳು ತಲಿಗೆ ಒರೆಸ್ಕಂಡು ಇಡ್ರಿ," ಅಂದ ಮುರುಗಪ್ಪ. ತಲೆಯ ಎಣ್ಣೆ ಹತ್ತಿದರೆ ಕೆಲವರದು ಬರುತ್ತದಂತೆ. ಅತ್ತೆ ಒರೆಸಿಕೊಂಡು ಇಟ್ಟರು. ಮತ್ತೆ ಕೆಂಪು. ಹಣೆಗೆ ಒರೆಸಿದರು, ಸೆರಗಿಗೆ ಒರೆಸಿದರು, ನಿಂಬೆಹಣ್ಣು ಹಚ್ಚಿ ತೊಳೆದರು. ಹತ್ತು ಬೆರಳೂ ಮುಗಿದವು.

"ಇನ್ನು ಕಾಲಿನ ಬೆರಳು ಅವೆ, ಇಡ್ಲೇನಪ್ಪ?" ಅಂದರು ಅತ್ತೆ. ಸಾಲಿನಲ್ಲಿ ನಿಂತವರೆಲ್ಲ ನಕ್ಕರು, ಅವರೂ ನಕ್ಕರು. ಆದರೆ ಮನೆ ಮುಟ್ಟುವ ತನಕ ಬೆರಳುಗಳನ್ನು ಸೆರಗಿಗೆ ಒರೆಸುತ್ತಲೇ ಇದ್ದರು.

ಬೇರೆ ದಾರಿ ಇರಲಿಲ್ಲವೇ ಎಂದು ನೀವು ಕೇಳಬಹುದು. ಇದ್ದವು ಸ್ವಾಮಿ. ಫೋನಿಗೆ ಗುಟ್ಟಿನ ನಂಬರು ಕಳಿಸುವ ದಾರಿ ಇತ್ತು, ಆದರೆ ಅತ್ತೆಯ ಆಧಾರಿಗೆ ಜೋಡಿಸಿದ್ದ ಫೋನು ಮಾವನದು. ಅದು ಅವರ ಜೊತೆಗೇ ಹೋಯಿತು. ಹೊಸ ನಂಬರು ಜೋಡಿಸೋಣವೆಂದು ಹೊಸದುರ್ಗಕ್ಕೆ ಹೋದರೆ ಅದಕ್ಕೂ ಮೊದಲು ಬೆರಳೇ ಇಡಬೇಕು! ಕಣ್ಣು ನೋಡುವ ಮಿಷನ್ನು ಪೊರೆ ತೆಗೆಸಿದ ಅವರ ಕಣ್ಣನ್ನು ಒಪ್ಪಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತ್ತು. ಮೂರು ಸಲ ಬಸ್ಸು ಹತ್ತಿ ಇಳಿದು, ಎದುರಿಗೆ ಕೂತಿರುವ ಹೆಂಗಸು ಅವಳೇ ಹೌದೋ ಅಲ್ಲವೋ ಎಂದು ಕೇಳಿಸಿಕೊಂಡು ಬಂದೆವು.

ಆ ಸಂಜೆ ಅತ್ತೆ ಹಿತ್ತಿಲ ಕಟ್ಟೆಯ ಮೇಲೆ ಕೂತು, ಇಳಿಬಿಸಿಲಿಗೆ ಅಂಗೈ ಹಿಡಿದು ನೋಡಿಕೊಳ್ಳುತ್ತಿದ್ದರು. ನಾನೂ ಬಗ್ಗಿ ನೋಡಿದೆ. ಹೆಬ್ಬೆರಳು ಹೊಳೆ ದಂಡೆಯ ಕಲ್ಲಿನಷ್ಟು ನುಣುಪಾಗಿತ್ತು. ಒಂದು ಸುಳಿ ಇಲ್ಲ, ಒಂದು ಗೆರೆ ಇಲ್ಲ. ಇರುವುದಾದರೂ ಹೇಗೆ? ನೆನೆಸಿ ಬಡಿದ ತೆಂಗಿನ ನಾರನ್ನು ಅಂಗೈಯಲ್ಲಿ ಹೊಸೆದು ಹಗ್ಗ ಮಾಡುವುದರಲ್ಲಿ ಅವರ ಸಮ ನಮ್ಮೂರಲ್ಲಿ ಯಾರೂ ಇಲ್ಲ. ಕರುವಿನ ಕಣ್ಣಿ, ಬಾವಿಯ ಹಗ್ಗ, ನನ್ನ ಮಗಳ ತೊಟ್ಟಿಲ ಹಗ್ಗ, ಎಲ್ಲ ಅದೇ ಕೈಯವು. ಅದರ ಜೊತೆಗೆ ಹುಣಸೆಹಣ್ಣು ಬಿಡಿಸುವುದು, ಬೂದಿಯಲ್ಲಿ ಪಾತ್ರೆ ಬೆಳಗುವುದು, ಸಗಣಿ ಬಾಚುವುದು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಅತ್ತೆಯ ಕೈ ನಲವತ್ತೈದು ವರ್ಷ ಕೆಸರಾಗಿತ್ತು, ಮೊಸರು ಉಂಡವರು ಹೆಚ್ಚಾಗಿ ನಾವು.

"ಹೋಗ್ಲಿ ಬಿಡೇ ಸಹನಾ," ಅಂದರು. "ನನ್ ಹೆಸ್ರು ತೆಗೆದ್ರೆ ನಿಂದು ಮ್ಯಾಲೆ ಬರ್ತೈತೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ."

ಚುಚ್ಚಿ ಆಡಿದ ಮಾತಲ್ಲ ಅದು. ಚುಚ್ಚಿದ್ದರೆ ನಾನೂ ತಿರುಗಿಸಿ ಒಂದು ಕೊಡುತ್ತಿದ್ದೆ. ಮೆತ್ತಗೆ ಅಂದರಲ್ಲ, ಅದಕ್ಕೇ ನಾನು ಸೋತೆ. ಏನಾದರಾಗಲಿ ಆ ಹೆಸರು ಕೆಳಗಿಳಿಯಲು ಬಿಡಬಾರದು ಎಂದು ಅಲ್ಲೇ ತೀರ್ಮಾನ ಮಾಡಿದೆ.

ನನ್ನ ತಲೆಗೆ ಹೊಳೆದ ಉಪಾಯ ಹೊಸದುರ್ಗದ ಮೋನಿಕಾಳ ಬ್ಯೂಟಿ ಪಾರ್ಲರಿನಿಂದ ಬಂದದ್ದು. ಮಗಳು ಹುಟ್ಟಿದ ನಾಲ್ಕು ತಿಂಗಳಿಗೆ ನನ್ನ ಕೂದಲು ಹಿಡಿಹಿಡಿಯಾಗಿ ಉದುರುತ್ತಿತ್ತು. ಆಗ ಮೋನಿಕಾ ನನಗೊಂದು ಪುಡಿಯ ಡಬ್ಬಿ ಕೊಟ್ಟಿದ್ದಳು, ಕೊಲಾಜನ್ ಅಂತ. "ಚರ್ಮ, ಕೂದ್ಲು, ಉಗುರು, ಮೂಳೆ, ನಾಕಕ್ಕೂ ಒಂದೇ ಅಕ್ಕ," ಅಂದಿದ್ದಳು. ಮೂರು ತಿಂಗಳು ಕುಡಿದೆ, ಕೂದಲು ನಿಂತಿತು. ಬಾಣಂತಿಯರ ಕೂದಲು ಅಷ್ಟು ಹೊತ್ತಿಗೆ ತಾನಾಗೇ ನಿಲ್ಲುತ್ತದೆ ಎಂದು ಆಮೇಲೆ ನರ್ಸಮ್ಮ ಹೇಳಿದರು, ಆ ಮಾತು ಬೇರೆ. ಬೆರಳಿನ ಗೆರೆ ಎಂದರೂ ಚರ್ಮವೇ ತಾನೇ ಎಂದು ನಾನು ಲೆಕ್ಕ ಹಾಕಿದೆ. ಬಿ.ಕಾಂ. ಓದಿದವಳ ಬುದ್ಧಿ ಇದು.

"ಮೋನಿಕಾ, ಇದ್ರಾಗೆ ಹೆಬ್ಬೆಟ್ಟಿನ ಗೆರೆ ಬರ್ತಾವಾ?"

ಅವಳು ಯಾರದೋ ಹುಬ್ಬಿಗೆ ದಾರ ಹಿಡಿದಿದ್ದವಳು ಹಾಗೇ ನಿಂತಳು. "ಗೆರೆ ಹೋಗ್ಸಾಕೆ ಎಲ್ಲಾರೂ ತಗಂತಾರಕ್ಕ. ಬರ್ಸಾಕೆ ಅಂತ ಇವತ್ತಿನ ತನಕ ಯಾರೂ ಕೇಳಿಲ್ಲ. ಬಂದ್ರೂ ಬರಬಹುದು, ನಂಗೇನ್ ಗೊತ್ತು?"

ಅಷ್ಟು ಸಾಕಾಯಿತು ನನಗೆ, ಹೊಸದೊಂದು ಡಬ್ಬಿ ಕೊಂಡು ತಂದೆ. ಆದರೆ ಒಂದು ತೊಡಕಿತ್ತು, ಅದನ್ನು ಬಾಯಿಬಿಟ್ಟು ಹೇಳುವುದೇ ಕಷ್ಟ. ಆ ಪುಡಿ ಮೀನಿನ ಚರ್ಮದಿಂದ ತೆಗೆದದ್ದು. ಡಬ್ಬಿಯ ಹಿಂದೆ ಇರುವೆ ಗಾತ್ರದ ಅಕ್ಷರದಲ್ಲಿ ಬರೆದಿದ್ದರು, ಪಕ್ಕದಲ್ಲಿ ಮಾಂಸಾಹಾರದ ಕಂದು ಗುರುತೂ ಇತ್ತು. ನಮ್ಮದು ಲಿಂಗ ಕಟ್ಟಿದ ಮನೆ. ನಾನು ನನ್ನ ಪಾಲಿಗೆ ಹಾಲು ಕುಡಿಯುವ ಬೆಕ್ಕಿನ ಹಾಗೆ ಕಣ್ಣು ಮುಚ್ಚಿಕೊಂಡು ಕುಡಿದು ಮುಗಿಸಿದ್ದೆ. ಆದರೆ ಅತ್ತೆ? ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಎಡಗೈ ಅಂಗೈ ಮೇಲೆ ಇಷ್ಟಲಿಂಗ ಇಟ್ಟುಕೊಂಡು ಪೂಜೆ ಮಾಡದೆ ಒಂದು ಗುಟುಕು ಕಾಫಿ ಮುಟ್ಟದ ಹೆಂಗಸು. ಬಿಸ್ಕತ್ತಿನ ಪೊಟ್ಟಣ ತಂದರೂ ಹಸಿರು ಚುಕ್ಕೆ ಇದೆಯೋ ಇಲ್ಲವೋ ಎಂದು ತಿರುಗಿಸಿ ನೋಡಿಯೇ ಒಡೆಯುವವರು.

ನಾನು ಏನು ಮಾಡಿದೆ ಗೊತ್ತೇ? ಕನ್ನಡಿಗೆ ಅಂಟಿಸಿದ್ದ ನನ್ನ ಹಣೆಬೊಟ್ಟುಗಳಲ್ಲಿ ಹಸಿರು ಬಣ್ಣದ್ದೊಂದು ಕಿತ್ತು, ಆ ಕಂದು ಗುರುತಿನ ಮೇಲೆ ಒತ್ತಿ ಅಂಟಿಸಿದೆ. ಶಿವನೇ, ಎಷ್ಟು ಚೆನ್ನಾಗಿ ಕೂತಿತು ಅಂದರೆ ಕಂಪನಿಯವರೇ ಅಚ್ಚು ಹಾಕಿದ್ದಾರೆ ಅನ್ನಬೇಕು.

"ಸಮುದ್ರದ ಪಾಚಿಯಿಂದ ಮಾಡಿದ್ದು ಅತ್ತೆ," ಅಂದೆ. "ಗೆರೆ ಬರ್ಸುತ್ತೆ. ಒಂದು ಮಂಡಲ ಕುಡೀಬೇಕು, ನಲವತ್ತೆಂಟು ದಿನ. ಪಥ್ಯ ಐತೆ. ನಾರು ಮುಟ್ಟಂಗಿಲ್ಲ, ಹುಣಸೆಹಣ್ಣು ಮುಟ್ಟಂಗಿಲ್ಲ, ಬೂದಿ, ಸೋಪು, ಸಗಣಿ ಯಾವುದೂ ಮುಟ್ಟಂಗಿಲ್ಲ. ಕೊಬ್ರಿ ಎಣ್ಣೆ ಹಚ್ಕಂಡು ಸುಮ್ನೆ ಕುಂತ್ಕಳ್ರಿ."

ಪಥ್ಯದ ಮಾತು ನಾನೇ ಹುಟ್ಟಿಸಿದ್ದು. ಪಥ್ಯವಿಲ್ಲದ ಔಷಧಿಯನ್ನು ಅತ್ತೆ ಔಷಧಿ ಎಂದೇ ಎಣಿಸುವುದಿಲ್ಲ. ಅವರು ಡಬ್ಬಿಯನ್ನು ತಿರುಗಿಸಿ ಹಸಿರು ಬೊಟ್ಟನ್ನು ನೋಡಿದರು. ಮೂಗಿನ ಹತ್ತಿರ ಹಿಡಿದರು. ಮಾವಿನಹಣ್ಣಿನ ವಾಸನೆ ಬೆರೆಸಿದ್ದರು ಅದಕ್ಕೆ.

"ಆಗ್ಲವ್ವ. ನೀನು ಇಷ್ಟು ಹೇಳ್ತೀಯಂದ್ರೆ," ಅಂದರು.

ದಿನಾ ಬೆಳಿಗ್ಗೆ ಪೂಜೆ ಮುಗಿದ ಮೇಲೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಪುಡಿ ಕದಡಿ ಕೊಡುತ್ತಿದ್ದೆ. "ತಣ್ಣಗಾಗ್ಲಿ," ಎಂದು ಅವರು ಲೋಟ ಹಿಡಿದು ಹಿತ್ತಿಲ ಕಟ್ಟೆಗೆ ಹೋಗುತ್ತಿದ್ದರು. ಸ್ವಲ್ಪ ಹೊತ್ತಿಗೆ ಖಾಲಿ ಲೋಟ ತಂದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು, ಅಂಗೈಗೆ ಎಣ್ಣೆ ಹಾಕಿಸಿಕೊಳ್ಳುತ್ತಿದ್ದರು.

ಮೊದಲ ಮೂರು ದಿನ ಅವರು ಪಟ್ಟ ಪಾಡು ನೋಡಲಾಗುತ್ತಿರಲಿಲ್ಲ. ಎದ್ದು ಪೊರಕೆ ಹಿಡಿಯುತ್ತಿದ್ದರು, ನೆನಪಾಗಿ ಬಿಡುತ್ತಿದ್ದರು. ಬೆರಳುಗಳು ಸುಮ್ಮನೆ ಗಾಳಿಯಲ್ಲೇ ನಾರು ಹೊಸೆಯುತ್ತಿದ್ದವು. ನಾಲ್ಕನೆಯ ದಿನ ಮಧ್ಯಾಹ್ನ ನಾನು ಹಿತ್ತಿಲಿಗೆ ಹೋದಾಗ ಅತ್ತೆ ಕಟ್ಟೆಯ ಮೇಲೆ ಗೋಡೆಗೊರಗಿ ನಿದ್ದೆ ಹೋಗಿದ್ದರು. ಎಣ್ಣೆ ಹಚ್ಚಿದ ಎರಡೂ ಕೈ ಮಡಿಲಲ್ಲಿ ಅಂಗಾತ ಬಿದ್ದಿದ್ದವು. ತೆಂಗಿನ ಗರಿಯ ನೆರಳು ಅವುಗಳ ಮೇಲೆ ಮೆಲ್ಲಗೆ ಆಡುತ್ತಿತ್ತು. ಮದುವೆಯಾಗಿ ಬಂದು ಐದು ವರ್ಷ ಆಗಿತ್ತು ನನಗೆ, ಹಗಲು ಹೊತ್ತಿನಲ್ಲಿ ಅವರು ಮಲಗಿದ್ದನ್ನು ನೋಡಿದ್ದು ಅದೇ ಮೊದಲು. ಕಾಲ ಸಪ್ಪಳ ಮಾಡದೆ ಒಳಗೆ ಬಂದುಬಿಟ್ಟೆ.

ಅಲ್ಲಿಂದಾಚೆಗೆ ಮನೆಗೇ ಒಂದು ತರಹದ ಮಂಪರು ಹಿಡಿಯಿತು. ಮಧ್ಯಾಹ್ನಗಳು ಉದ್ದವಾದವು. ಅತ್ತೆ ಕಟ್ಟೆಯಲ್ಲಿ, ಮಗಳು ಅವರ ಮಡಿಲಲ್ಲಿ ಅವರ ಹೆಬ್ಬೆರಳು ಹಿಡಿದುಕೊಂಡು. ನಾನು ಪಾತ್ರೆ ಬೆಳಗುತ್ತಾ ಅವರ ಮಾತು ಕೇಳುವುದು. ಅರ್ಧ ನಿದ್ದೆ ಅರ್ಧ ಎಚ್ಚರದಲ್ಲಿ ಅವರು ಮಾತಾಡುತ್ತಿದ್ದರು. ಇಷ್ಟು ವರ್ಷ ಎಲ್ಲಿಟ್ಟಿದ್ದರೋ ಆ ಮಾತುಗಳನ್ನು!

ಅವರು ಹುಟ್ಟಿ ಬೆಳೆದದ್ದು ಅಣೆಕಟ್ಟಿನ ಊರು ಮಾರಿಕಣಿವೆಯಲ್ಲಿ. ಅವರಪ್ಪ ನೀರುಗಂಟಿ, ಕಾಲುವೆಗೆ ನೀರು ಬಿಡುವ ಕೆಲಸ. "ನೀರು ಬಿಡೋ ದಿನ ಅಪ್ಪ ನನ್ನ ಕರ್ಕಂಡು ಹೋಗ್ತಿದ್ದ," ಅನ್ನುತ್ತಿದ್ದರು ಕಣ್ಣು ಮುಚ್ಚಿಕೊಂಡೇ. "ಕಬ್ಬಿಣದ ಕಂಬಿ ಮ್ಯಾಲೆ ಕೈ ಇಡು ಅಂತಿದ್ದ. ಇಟ್ರೆ ಒಳಗಿನ ನೀರು ಗುಂಯ್ ಅಂತ ಕೈಯಾಗೆ ಬರ್ತಿತ್ತು ಕಣೆ. ನಿನ್ನೆ ಕನಸಿನಾಗೂ ಇಟ್ಟಿದ್ದೆ. ಕೈ ಜುಮ್ ಅಂತಿತ್ತು, ಎದ್ದು ನೋಡಿದ್ರೆ ನಿನ್ ಮಗಳು ಬೆರಳು ಚೀಪ್ತಾ ಅವ್ಳೆ."

ಮತ್ತೊಂದು ದಿನ ಎರಡು ಗುಡ್ಡದ ನಡುವೆ ನಿಂತ ನೀರಿನ ಮಾತು. ಬೆಳಗಿನ ಹೊತ್ತು ಅದು ಅಲ್ಲಾಡದೆ ಇರುತ್ತಿತ್ತಂತೆ, ಗುಡ್ಡ ತಲೆಕೆಳಗಾಗಿ ಅದರೊಳಗೆ ಇರುತ್ತಿತ್ತಂತೆ. ಇವರು ಅದರೊಳಗಿನ ಊರಿಗೆ ಹೋಗುವ ಕನಸು ಕಾಣುತ್ತಿದ್ದರಂತೆ, ಅಲ್ಲಿ ಎಲ್ಲರೂ ಸುಮ್ಮನೆ ಕೂತಿರುತ್ತಿದ್ದರಂತೆ. "ಮನೆ ಹಿಂದೇನೆ ಮೀನು ಒಣಗ್ಸೋರು," ಅಂದರು ಒಮ್ಮೆ. "ಗಾಳಿ ತಿರುಗಿದ್ರೆ ಸಾಕು, ನಮ್ಮವ್ವ ಬಾಗ್ಲು ಕಿಟಕಿ ಹಾಕ್ಕಂಡು ಬಿಡೋಳು."

ಮೀನು ಎಂಬ ಶಬ್ದ ಕಿವಿಗೆ ಬೀಳುತ್ತಲೇ ನನ್ನ ಕೈಯಲ್ಲಿದ್ದ ಪಾತ್ರೆ ಜಾರಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಅತ್ತೆ ಮಾತ್ರ ಕಣ್ಣು ತೆರೆಯಲಿಲ್ಲ.

ನನ್ನ ಸುಖವನ್ನೇನು ಕೇಳುತ್ತೀರಿ. ಅವರ ಪಾಲಿನ ಕೆಲಸವೆಲ್ಲ ನನ್ನ ಮೈಮೇಲೆ. ಸಗಣಿ, ಮುಸುರೆ, ಹಟ್ಟಿ ಗುಡಿಸುವುದು, ರಾತ್ರಿಯೆಲ್ಲ ಎದೆಹಾಲಿಗೆ ಅಳುವ ಮಗಳು. ತಿಪ್ಪೇಶನಿಗೆ ಹಾಲು ಕರೆಯುವ ಕೆಲಸ ಹಚ್ಚಿದ್ದೆ. ಅದನ್ನೇ ದೊಡ್ಡ ಪುರುಷಾರ್ಥ ಎಂಬಂತೆ ಹೇಳಿಕೊಂಡು ತಿರುಗುತ್ತಿದ್ದ. "ಅವ್ವಂಗೆ ಪಥ್ಯ ಇನ್ನೂ ಎಷ್ಟು ದಿನ ಐತೆ?" ಎಂದು ದಿನಾ ಕೇಳುವುದು. ದನದ ಮುಂದೆ ನಿಂತು ತೂಕಡಿಸುತ್ತಿದ್ದೆ ನಾನು. ಆದರೂ ದೂರಲು ಬಾಯಿ ಬರುತ್ತಿರಲಿಲ್ಲ. ದಣಿವಿಗಿಂತ ಭಯ ದೊಡ್ಡದಾಗಿತ್ತು.

ಬೆಳಿಗ್ಗೆ ಪೂಜೆಯ ಹೊತ್ತು ಬಂತೆಂದರೆ ನನಗೆ ನಿಲ್ಲಲಾಗುತ್ತಿರಲಿಲ್ಲ. ಅತ್ತೆಯ ಅಂಗೈ ದಿನದಿನಕ್ಕೂ ಮೆತ್ತಗಾಗುತ್ತಿತ್ತು. ಅದರ ಮೇಲೆ ಕರಿಯ ಲಿಂಗ ಹೊಳೆಯುತ್ತಾ ಕೂರುತ್ತಿತ್ತು. ಲಿಂಗ ಕೂರುವ ಕೈಗೆ ಮೀನು ಉಣಿಸುತ್ತಿದ್ದೇನೆ, ಅದೂ ಸುಳ್ಳು ಹೇಳಿ, ಎಂದು ನನ್ನನ್ನೇ ಬಯ್ದುಕೊಳ್ಳುತ್ತಿದ್ದೆ. ಹಿತ್ತಿಲ ಕಟ್ಟೆಯ ಪಕ್ಕದ ಮಲ್ಲಿಗೆ ಬಳ್ಳಿ ಮೂರು ವರ್ಷದಿಂದ ಮೊಗ್ಗು ಬಿಟ್ಟಿರಲಿಲ್ಲ, ಆ ತಿಂಗಳು ಬೊಗಸೆ ಬೊಗಸೆ ಹೂವು ಬಿಟ್ಟಿತು. ಅತ್ತೆ ಅದೇ ಹೂವನ್ನು ಲಿಂಗಕ್ಕೆ ಏರಿಸುತ್ತಿದ್ದರು. ಹೇಳಿಬಿಡಲೇ ಎಂದು ಎಷ್ಟು ಸಲ ಬಾಯಿ ತೆರೆದೆನೋ. ಹೇಳಿದರೆ ಪುಡಿ ನಿಲ್ಲುತ್ತದೆ, ಗೆರೆ ನಿಲ್ಲುತ್ತದೆ, ಹೆಸರು ಹೋಗುತ್ತದೆ. ಹೀಗೆಂದುಕೊಂಡು ಮತ್ತೆ ಮುಚ್ಚುತ್ತಿದ್ದೆ.

ಮೂವತ್ತೈದನೆಯ ದಿನವೋ ಏನೋ, ಬೆಳಗಿನ ಓರೆ ಬಿಸಿಲಿನಲ್ಲಿ ಅತ್ತೆ ನನ್ನನ್ನು ಕೂಗಿದರು. "ಬಾರೇ ಇಲ್ಲಿ. ನಿನ್ ಕಣ್ಣು ಚುರುಕೈತೆ, ನೋಡು." ಹೆಬ್ಬೆರಳು ಚಾಚಿದರು. ನಡುವೆ ಸಣ್ಣದೊಂದು ಸುಳಿ. ಅದರ ಸುತ್ತ ಗೆರೆ, ಗೆರೆಯ ಸುತ್ತ ಗೆರೆ. ಮುಂಗಾರಿಗೆ ಮೊದಲು ಹೊಲದಲ್ಲಿ ಹೊಸದಾಗಿ ಹೊಡೆದ ಸಾಲಿನಂತೆ ತೆಳ್ಳಗೆ ಎದ್ದಿದ್ದವು. ನನಗೆ ಅಳು ಬಂತು.

"ನಮ್ಮವ್ವನ ಬೆರಳಿನಾಗೂ ಹಿಂಗೇ ಸುಳಿ ಇತ್ತಾ ಅಂತ ನೆನಪು ಮಾಡ್ಕಂತಿದ್ದೆ," ಅಂದರು ಅತ್ತೆ. "ಇರ್ಲಿಲ್ಲ. ಅವಳದೂ ಸವೆದೋಗಿತ್ತು. ಅವಳ ಬೆರಳು ಯಾವ ಮಿಷನ್ನೂ ಕೇಳ್ಲಿಲ್ಲ, ಅಷ್ಟೇ."

ನಲವತ್ತೊಂಬತ್ತನೆಯ ದಿನ ನಾವಿಬ್ಬರೂ ಮುರುಗಪ್ಪನ ಅಂಗಡಿಗೆ ಹೋದೆವು. ಗಡುವಿಗೆ ಇನ್ನು ನಾಲ್ಕೇ ದಿನ ಉಳಿದಿತ್ತು. ಅತ್ತೆ ಮದುವೆ ಮನೆಗೆ ಹೋಗುವವರ ಹಾಗೆ ಇಳಕಲ್ ಸೀರೆ ಉಟ್ಟಿದ್ದರು. ಹೆಬ್ಬೆರಳನ್ನು ಮಿಷನ್ನಿನ ಮೇಲೆ ಇಟ್ಟರು. ಅದು ಸುಮ್ಮನೆ ಇತ್ತು, ಸುಮ್ಮನೆ ಇತ್ತು. ಹಸಿರು ದೀಪ ಬಂತು.

"ಮಹಾದೇವಮ್ಮ, ಕುಟುಂಬದ ಮುಖ್ಯಸ್ಥೆ," ಎಂದು ಮುರುಗಪ್ಪ ಜೋರಾಗಿ ಓದಿದ. "ನೀವು ನೀವೇ ಅಂತ ಗೊತ್ತಾಯ್ತು ಬಿಡ್ರಿ ಮಾದೇವಕ್ಕ!"

"ನಂಗೆ ಮೊದ್ಲೇ ಗೊತ್ತಿತ್ತಪ್ಪ," ಅಂದರು ಅತ್ತೆ. ಆದರೆ ಸೆರಗಿನಿಂದ ಕಣ್ಣು ಒತ್ತಿಕೊಂಡರು.

ವಾಪಸು ಬರುವಾಗ ತೋಟದ ಕಾಲುದಾರಿಯಲ್ಲಿ ಅವರು ನನ್ನ ಮುಂದೆ ನಡೆಯುತ್ತಿದ್ದರು. "ಮನಿಗೆ ಹೋಗಿ ಲಿಂಗಕ್ಕೆ ಒಂದು ಬುಟ್ಟಿ ಮಲ್ಲಿಗೆ ಏರಿಸ್ಬೇಕು," ಅಂದರು. ನನ್ನಿಂದ ತಡೆಯಲಾಗಲಿಲ್ಲ. ದಾರಿಯಲ್ಲೇ ಅವರ ಕಾಲು ಹಿಡಿದೆ.

"ಅತ್ತೆ, ತಪ್ಪಾಯ್ತು. ಅದು ಪಾಚಿ ಅಲ್ಲ. ಮೀನಿಂದು. ಗುರುತು ಕಾಣಬಾರ್ದು ಅಂತ ನನ್ನ ಬೊಟ್ಟು ಅಂಟಿಸಿದ್ದೆ. ನಿಮ್ಮ ಹೆಸ್ರು ಉಳೀಲಿ ಅಂತ ಮಾಡಿದೆ. ಬಯ್ರಿ, ಹೊಡೀರಿ, ಏನಾರಾ ಮಾಡ್ರಿ."

ಅತ್ತೆ ನನ್ನ ರಟ್ಟೆ ಹಿಡಿದು ಎತ್ತಿದರು. ನೋಡಿದರೆ ನಗುತ್ತಿದ್ದಾರೆ!

"ಏಳೇ ಹುಚ್ಚಿ. ಮಾರಿಕಣಿವೆ ಮಗಳಿಗೆ ಮೀನಿನ ವಾಸ್ನೆ ಹೇಳ್ಕೊಡ್ತೀಯ? ಎಷ್ಟು ಮಾವಿನಹಣ್ಣು ಹಾಕಿದ್ರೂ ಅದರ ಹಿಂದೆ ನಿಂತಿತ್ತು ಅದು. ನೀನು ಚಾಪೆ ಕೆಳಗೆ ನುಗ್ಗಿದ್ರೆ ನಾನು ರಂಗೋಲಿ ಕೆಳಗೆ ನುಗ್ಗೋಳು ಕಣೆ."

"ಮತ್ತೆ ದಿನಾ ಕುಡಿದ್ರಲ್ಲ?"

"ನಾನೆಲ್ಲಿ ಕುಡಿದೆ? ಮಲ್ಲಿಗೆ ಬಳ್ಳಿ ಕುಡೀತು. ಗಿಡಕ್ಕೆ ಮೀನಾದ್ರೇನು ಸಗಣಿಯಾದ್ರೇನು, ಅದರ ಹೂವು ಶಿವ ಬ್ಯಾಡ ಅಂತಾನಾ?"

ನಲವತ್ತೆಂಟು ದಿನದ ಭಯವೆಲ್ಲ ಸಿಟ್ಟಾಗಿ ತಿರುಗಿತು. "ಹಂಗಾರೆ ಮೊದಲನೇ ದಿನಾನೇ ಹೇಳಬಹುದಿತ್ತಲ್ಲ ಅತ್ತೆ! ನಾನು ದಿನಾ ಸಾಯ್ತಿದ್ದೆ!"

ಅವರು ತೆಂಗಿನ ಮರಕ್ಕೆ ಕೈ ಊರಿ ನಿಂತರು. ನಗು ಇಳಿದಿತ್ತು.

"ಹೇಳಾಣ ಅಂತಾನೇ ಇದ್ದೆ. ಮೂರು ದಿನ ಇದ್ದೆ. ನಾಕನೇ ದಿನ ಮಧ್ಯಾಹ್ನ ಕುಂತಂಗೇ ನಿದ್ದೆ ಬಂತು. ಈ ಮನಿಗೆ ಬಂದು ನಲವತ್ತೈದು ವರ್ಷ ಆತು ಸಹನಾ, ಬಾಣಂತನ ಬಿಟ್ರೆ ಹಗಲೊತ್ತಿನಾಗೆ ನಾನು ಕಣ್ಣು ಮುಚ್ಚಿಲ್ಲ. ಸುಮ್ನೆ ಕುಂತ ಹೆಂಗಸನ್ನ ಯಾರೂ ಸುಮ್ನೆ ಬಿಡಲ್ಲ. ನೀರು ಕೊಡು, ದನ ಕಟ್ಟು, ಅದು ತಾ, ಇದು ತಾ. ಔಷಧಿ ಕುಡಿಯೋಳನ್ನ ಮಾತ್ರ ಯಾರೂ ಕರಿಯಲ್ಲ. ಅದ್ಕೇ ಬಾಯಿ ಮುಚ್ಕಂಡಿದ್ದೆ. ಗೆರೆ ಬಂದಿದ್ದು ನಿನ್ ಪುಡಿಯಿಂದ ಅಲ್ಲ. ಕೈ ಸುಮ್ನೆ ಇತ್ತಲ್ಲ, ಅದ್ಕೆ ಬಂತು."

ಅವರ ಕೈ ಹಿಡಿದುಕೊಂಡೆ. ಎಷ್ಟು ಮೆತ್ತಗಿತ್ತು ಆ ಕೈ. ಅವರು ನನ್ನ ಅಂಗೈಯನ್ನು ತಿರುಗಿಸಿ ನೋಡಿದರು. ಬೂದಿ, ಸೋಪು, ಸಗಣಿಯಲ್ಲಿ ಒಂದೂವರೆ ತಿಂಗಳಿಗೇ ಬಿರುಕು ಬಿಟ್ಟು ಒರಟಾಗಿತ್ತು. ಬೆರಳಿನಿಂದ ಒಂದು ಸಲ ಸವರಿದರು.

ಮನೆಗೆ ಬಂದಾಗ ತಿಪ್ಪೇಶ ಜಗಲಿಯಲ್ಲೇ ಕಾಯುತ್ತಿದ್ದ. "ಆತೇನವ್ವ? ಹಸಿರು ಬಂತಾ? ಹಂಗಾರೆ ಪಥ್ಯ ಮುಗೀತು! ನಾಳೆಯಿಂದ ಹಾಲು ನೀನೇ ಕರಿ ಮತ್ತೆ."

ಅತ್ತೆ ನೇರ ಒಳಗೆ ಹೋಗಿ ಟ್ರಂಕು ತೆಗೆದರು. ಕಾರ್ಡನ್ನು ವಿಭೂತಿ ಗಟ್ಟಿಯ ಪಕ್ಕದಲ್ಲಿ ಇಟ್ಟು, ಅಲ್ಲೇ ಮುಚ್ಚಳದ ಒಳಗೆ ಅಂಟಿಸಿದ್ದ ಏನನ್ನೋ ಕಿತ್ತು ತಂದರು. ನನ್ನ ಹಸಿರು ಬೊಟ್ಟು. ಯಾವಾಗ ಡಬ್ಬಿಯಿಂದ ತೆಗೆದಿದ್ದರೋ, ನಾನು ಗಮನಿಸಿಯೇ ಇರಲಿಲ್ಲ. ಅದನ್ನು ನನ್ನ ಹಣೆಯ ಮೇಲಿಟ್ಟು, ಮಿಷನ್ನು ಒಪ್ಪಿದ ಆ ಹೆಬ್ಬೆರಳಿನಿಂದ ಒತ್ತಿದರು.

"ನನ್ ಪಥ್ಯ ಮುಗೀತು ಕಣೋ ತಿಪ್ಪೇಶ," ಅಂದರು ಮಗನ ಕಡೆ ತಿರುಗಿ. "ನಾಳೆಯಿಂದ ಸಹನಂದು. ಒಂದು ಮಂಡಲ. ನೀರು, ಬೂದಿ, ಸಗಣಿ ಯಾವುದೂ ಮುಟ್ಟಂಗಿಲ್ಲ."

"ಅವ್ಳಿಗೇನಾಗೈತೆ?"

"ಏನಾರಾ ಆಗೋ ತನಕ ಕಾಯ್ಬೇಕೇನೋ? ಈ ಮನೆ ಯಜಮಾನಿ ನಾನು, ಕಾರ್ಡಿನಾಗೆ ಐತೆ, ಓದ್ಕೋ. ಸಹನಾ, ಡಬ್ಬಿ ಖಾಲಿಯಾಗಿದ್ರೆ ಹುರಿಗಡಲೆ ಹಿಟ್ಟು ತುಂಬ್ಕ, ಹೋಗು. ಕಟ್ಟೆ ಮ್ಯಾಲೆ ಈಗ ನೆರಳು ಬಂದಿರ್ತೈತೆ."